ಮೈದುನನ ಸಾಲಕ್ಕೆ ಜಾಮೀನು: ಬೈಬಲ್ಲಿನಲ್ಲಿ ಎರಡೂ ಕಡೆ ವಚನ ಇದೆ, ಯಾವುದನ್ನು ಹಿಡಿಯಲಿ?

ಬೆಟಗೇರಿ ಟೀಚರ್ (ಪ್ರಶ್ನೆ)

ಕರ್ತನಲ್ಲಿ ಎಲ್ಲರಿಗೂ ವಂದನೆ. ಸ್ವಲ್ಪ ಉದ್ದ ಆಗ್ತದೆ, ಕ್ಷಮಿಸಿ. ಹೈಸ್ಕೂಲಿನಲ್ಲಿ ಗಣಿತ ಕಲಿಸೋಳು ನಾನು. ನಡುವಿನ ಹಂತ ಬಿಟ್ಟು ಬರೀ ಉತ್ತರ ಬರೆದರೆ ಹುಡುಗರಿಗೇ ಪೂರ್ತಿ ಅಂಕ ಕೊಡೋದಿಲ್ಲ, ಹಂಗಾಗಿ ನನ್ನ ಹಂತಗಳನ್ನೂ ಬರೀತೀನಿ.

ನಮ್ಮ ಮೈದುನ ಸೆಕೆಂಡ್ ಹ್ಯಾಂಡ್ ಗೂಡ್ಸ್ ಗಾಡಿ ತಗೋಬೇಕು ಅಂತಿದ್ದಾನೆ. ಈಗ ಬೇರೆಯವರ ಗಾಡಿ ಓಡಿಸ್ತಾನೆ, ಗದಗಿನಿಂದ ಹುಬ್ಬಳ್ಳಿಗೆ ಉಳ್ಳಾಗಡ್ಡಿ, ಮೆಣಸಿನಕಾಯಿ ಹೊಡೀತಾನೆ. ಮೈಗಳ್ಳ ಅಲ್ಲ, ಕುಡಿತ ಇಲ್ಲ. ಆದರೆ ಕೈಯಲ್ಲಿ ರೊಕ್ಕ ನಿಲ್ಲೋದಿಲ್ಲ, ವರ್ಷಕ್ಕೊಂದು ಮೊಬೈಲು. ಪತ್ತಿನ ಸೊಸೈಟಿಯೊಂದರಲ್ಲಿ 5 ಲಕ್ಷ ಸಾಲ ಕೇಳಿದ್ದಾನೆ, 5 ವರ್ಷದ ಕಂತು. ಅವರು ಸಂಬಳದಾರರು ಇಬ್ಬರು ಜಾಮೀನು ಬೇಕು ಅಂದಿದ್ದಾರೆ. ಒಬ್ಬ ಅವನ ಗೆಳೆಯ. ಇನ್ನೊಬ್ಬಳು ನಾನು.

ಈಗ ವಾಗ್ದಾನ ಕಾರ್ಡಿನ ವಿಷಯ. ನಮ್ಮ ಚರ್ಚಿನಲ್ಲಿ ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ತಾಟಿನಲ್ಲಿ ಕಾರ್ಡು ಬೋರಲು ಹಾಕಿ ಇಡ್ತಾರೆ, ಒಬ್ಬೊಬ್ಬರೇ ಹೋಗಿ ಒಂದು ಎತ್ತಬೇಕು. ವರ್ಷಪೂರ್ತಿ ಅದೇ ನಮ್ಮ ವಚನ. ಈ ಸಲ ನನಗೆ ಬಂದದ್ದು ಧರ್ಮೋಪದೇಶಕಾಂಡ 28:12. ನೀನು ಅನೇಕ ಜನಾಂಗಗಳಿಗೆ ಸಾಲ ಕೊಡುವಿ, ಯಾರಿಂದಲೂ ಸಾಲ ತಗೊಳ್ಳೋದಿಲ್ಲ ಅನ್ನೋ ಮಾತು. ಫ್ರಿಜ್ಜಿನ ಮೇಲೆ ಅಂಟಿಸಿದ್ದೆ. ಮೈದುನ ನೀರಿನ ಬಾಟಲಿ ತಗೊಳ್ಳೋಕೆ ಹೋದವನು ಓದಿದ. "ವೈನಿ, ಅನೇಕ ಜನಾಂಗಕ್ಕ ಕೊಡಾವ್ರು ಒಬ್ಬ ಮೈದುನಗ ಒಂದು ಸೈನ್ ಮಾಡೂದಿಲ್ಲೇನು?" ಅಂದ. ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಅತ್ತಿಯವರದು ಬೇರೆ ದಾರಿ. ಏನೇ ನಿರ್ಧಾರ ಇರಲಿ, ಪ್ರಾರ್ಥನೆ ಮಾಡಿ, ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳು ಇಡ್ತಾರೆ. ಬೆರಳು ಬಿದ್ದ ವಚನವೇ ದೇವರ ಮಾತು. ನನ್ನ ಮದುವೆಯೂ ಆ ಬೆರಳಿನಿಂದಲೇ ಗಟ್ಟಿಯಾದದ್ದಂತೆ, ಹಂಗಾಗಿ ಪೂರ್ತಿ ಅಲ್ಲಗಳೆಯೋಕೂ ಆಗೋದಿಲ್ಲ. ಈ ವಿಷಯಕ್ಕೆ ಬೆರಳು ಇಟ್ಟರು. ಬಂದದ್ದು ಅರಣ್ಯಕಾಂಡ 7. ಕುಲಾಧಿಪತಿಗಳು ಒಬ್ಬೊಬ್ಬರಾಗಿ ತಂದ ಕಾಣಿಕೆ: 130 ಶೆಕೆಲ್ ತೂಕದ ಬೆಳ್ಳಿ ತಟ್ಟೆ, 70 ಶೆಕೆಲ್ ತೂಕದ ಬೆಳ್ಳಿ ಬೋಗುಣಿ. ಅದೇ ಪಟ್ಟಿ ಹನ್ನೆರಡು ಸಲ. ಅತ್ತಿ ಎರಡು ನಿಮಿಷ ನೋಡಿ, "ಕೊಟ್ರು ಅಂತನ ಬಂದದ ನೋಡವಾ, ಕೊಡು ಅಂತನ ಅರ್ಥ" ಅಂದರು.

ನನ್ನ ಹೆದರಿಕೆಗೆ ಕಾರಣ ಅಪ್ಪ. ಅಪ್ಪ ಪ್ರಾಥಮಿಕ ಶಾಲೆ ಮಾಸ್ತರು. ಗಾಯನ ಮಂಡಳಿಯ ಗೆಳೆಯರೊಬ್ಬರ ಸಾಲಕ್ಕೆ ಜಾಮೀನು ಹಾಕಿದರು. ಗೆಳೆಯರು ಊರು ಬಿಟ್ಟರು. 1994ರ ಮಾರ್ಚಿನಿಂದ ಅಪ್ಪನ ಸಂಬಳದಲ್ಲಿ ತಿಂಗಳಿಗೆ 420 ರೂಪಾಯಿ ಮುರಿದುಕೊಂಡರು. (ಮೊತ್ತ ನಾನು ಕಟ್ಟಿ ಹೇಳ್ತಿಲ್ಲ, ನಿಜವಾಗಿಯೂ ನಾಲ್ಕುನೂರ ಇಪ್ಪತ್ತೇ. ಅಪ್ಪನೂ ಆ ಜೋಕು ಮಾಡ್ತಿದ್ದರು, ಅವ್ವ ನಗ್ತಿರಲಿಲ್ಲ.) ಅವ್ವನ ಬಳೆ ಹೋದವು. ನಾನು ಪಿಯುಸಿಗೆ ಸೆಕೆಂಡ್ ಹ್ಯಾಂಡ್ ಪುಸ್ತಕದಲ್ಲಿ ಓದಿದೆ.

ಅಪ್ಪ ತೀರಿಕೊಂಡ ಮೇಲೆ ಅವರ ಸತ್ಯವೇದ ನನಗೆ ಬಂತು. ಕಪ್ಪು ರೆಕ್ಸಿನ್ ಹೊದಿಕೆ, ಹಾಳೆಯಂಚಿಗೆ ಕೆಂಪು ಬಣ್ಣ, ಬೆನ್ನಿಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದಾರೆ. ಅದರಲ್ಲಿ ಮತ್ತಾಯ 5:42ರ ಕೆಳಗೆ ನೀಲಿ ಮಸಿಯಲ್ಲಿ ಗೆರೆ ಇದೆ. ಕೇಳುವವನಿಗೆ ಕೊಡು, ಸಾಲ ಬೇಡುವವನಿಂದ ಮುಖ ತಿರುಗಿಸಬೇಡ ಅನ್ನೋ ವಚನ. ಹಳೇ ಗೆರೆ, ಮಸಿ ಹಿಂದಿನ ಪುಟಕ್ಕೂ ಇಳಿದಿದೆ. ಇನ್ನು ಜ್ಞಾನೋಕ್ತಿ 22:26ರ ಪಕ್ಕದ ಅಂಚಿನಲ್ಲಿ, ಸಾಲಕ್ಕೆ ಹೊಣೆಯಾಗುವವರಲ್ಲಿ ಸೇರಬೇಡ, ತೀರಿಸೋಕೆ ಆಗದಿದ್ದರೆ ನಿನ್ನ ಕೆಳಗಿನ ಹಾಸಿಗೆಯನ್ನೂ ಎಳೆದುಕೊಂಡು ಹೋದಾರು ಅನ್ನೋ ಕಡೆ, ಪೆನ್ಸಿಲಿನಲ್ಲಿ ಕಡ್ಡಿ ಎಳೆದಿದ್ದಾರೆ. ನಾಲ್ಕು ನಿಂತ ಕಡ್ಡಿ, ಒಂದು ಅಡ್ಡ. ಎಣಿಸಿದೆ: ಐದರ ಕಟ್ಟು ಹನ್ನೆರಡು, ಮೇಲೆ ಮೂರು. 63 ಕಂತು.

ಒಂದೇ ಪುಸ್ತಕ, ಒಂದೇ ಕೈ, ಎರಡು ವಚನ. ವಚನ ಸಿಗ್ತಿಲ್ಲ ಅನ್ನೋದು ನನ್ನ ತೊಂದರೆಯಲ್ಲ. ಎರಡೂ ಕಡೆ ಸಿಗ್ತದೆ, ನನಗೆ ಬೇಕಾದ್ದನ್ನು ಆರಿಸಿಕೊಂಡು ಅದಕ್ಕೆ ದೇವರ ಚಿತ್ತ ಅಂತ ಹೆಸರಿಟ್ಟುಬಿಡ್ತೀನೇನೋ ಅನ್ನೋದೇ ಭಯ. ನೀವೆಲ್ಲ ದಿನಾ ವಾಕ್ಯ ಓದೋರು. ಇಂಥಲ್ಲಿ ತಕ್ಕಡಿ ಹೇಗೆ ಹಿಡೀತೀರಿ?

ವಿಶ್ವಾಸಿ ಬ್ರದರ್

ಸಿಸ್ಟರ್, ಲೂಕ 6:38 ಓದಿರಿ. ಕೊಡಿರಿ, ನಿಮಗೂ ಕೊಡಲ್ಪಡುವುದು. ವಾಗ್ದಾನ ಕೈಗೆ ಬಂದ ಮೇಲೂ ಸಂಶಯಪಡುವುದು ಅಪನಂಬಿಕೆ. ನಂಬಿಕೆಯಿಂದ ಸಹಿ ಹಾಕಿರಿ, ಉಳಿದದ್ದು ಕರ್ತನು ನೋಡಿಕೊಳ್ಳುವನು. ಆಮೆನ್.

ಬೆಟಗೇರಿ ಟೀಚರ್

ಬ್ರದರ್, ಅದೇ ಲೂಕನು 14:28ರಲ್ಲಿ ಗೋಪುರ ಕಟ್ಟೋನು ಮೊದಲು ಕೂತು ಖರ್ಚಿನ ಲೆಕ್ಕ ಹಾಕ್ತಾನೆ ಅನ್ನೋದನ್ನೂ ಬರೆದಿದ್ದಾನಲ್ಲ. ನಾನೂ ಕೂತೆ. ಶೇ. 13ರ ಬಡ್ಡಿ ಹಿಡಿದರೆ ಕಂತು 11,300 ಚಿಲ್ಲರೆ. ಅವನು ತಪ್ಪಿಸಿದ ತಿಂಗಳು ಅದು ನನ್ನ ಮಗಳ ಹಾಸ್ಟೆಲ್ ಫೀಸಿನಿಂದ ಹೋಗ್ತದೆ. ನಂಬಿಕೆ ನನ್ನದು, ಫೀಸು ಅವಳದು.

ನಿವೃತ್ತ ಗುಮಾಸ್ತ, ಬೀದರ್

ಟೀಚರ್ ಅವರಿಗೆ ನಮಸ್ಕಾರ. ನಾವು ಮೆಥೋಡಿಸ್ಟರು. ಸಹಕಾರಿ ಸಂಘದ ವಸೂಲಿ ವಿಭಾಗದಲ್ಲಿ 27 ವರ್ಷ ಕೂತವನು ನಾನು, ಅಂದರೆ ನಿಮ್ಮ ತಂದೆಯವರಂಥವರ ಸಂಬಳಕ್ಕೆ ನೋಟಿಸು ಟೈಪು ಮಾಡಿದವನು. ಮೊದಲು ನೆಲದ ಮಾತು, ಆಮೇಲೆ ವಾಕ್ಯದ ಮಾತು.

"ಬರೀ ಸೈನ್ ಅಷ್ಟೇ" ಅಂತಾರಲ್ಲ, ಆ ಮಾತು ನಾನು ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಪತ್ರದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಅರ್ಧ ಅಲ್ಲ, ಇಬ್ಬರಿದ್ದೀವಿ ಅಂತ ಪಾಲೂ ಅಲ್ಲ. ಮೊದಲು ಅವನನ್ನು ಹಿಡೀರಿ, ಆಮೇಲೆ ನನ್ನ ಹತ್ರ ಬರ್ರಿ ಅಂತ ಹೇಳೋಕೂ ಬರೋದಿಲ್ಲ. ಸಂಘಕ್ಕೆ ಸಂಬಳದಾರರು ಯಾಕೆ ಬೇಕು ಹೇಳ್ರಿ? ಗಾಡಿ ರಾತ್ರೋರಾತ್ರಿ ಗಡಿ ದಾಟಬಹುದು, ಸರ್ಕಾರಿ ಶಾಲೆ ಟೀಚರು ದಾಟೋದಿಲ್ಲ. ನೀವು ಕಟ್ಟಿದ್ದನ್ನು ಅವನಿಂದ ವಸೂಲು ಮಾಡೋ ಹಕ್ಕು ಕಾಯ್ದೆಯಲ್ಲಿ ನಿಮಗಿದೆ, 140ನೇ ಕಲಮು. ಆದರೆ ಮೈದುನನ ಮೇಲೆ ದಾವೆ ಹಾಕಿ ಮನೆಯಲ್ಲಿ ಊಟ ಮಾಡಿದವರನ್ನು ನಾನು ನೋಡಿಲ್ಲ. ನಾಳೆ ನಿಮ್ಮ ಮಗಳ ಓದಿಗೆ ಸಾಲ ಬೇಕಾದರೆ ಆ ಬ್ಯಾಂಕಿನವರು ಈ ಜಾಮೀನನ್ನೂ ನಿಮ್ಮ ತಲೆಗೇ ಎಣಿಸಬಹುದು.

ಈಗ ವಾಕ್ಯ. ನನ್ನದು ಹಳೇ ರೂಢಿ, ಜ್ಞಾನೋಕ್ತಿಗಳಿಗೆ 31 ಅಧ್ಯಾಯ, ತಾರೀಖಿಗೊಂದು ಓದೋದು. ಕೆಲಸಕ್ಕೆ ಸೇರಿದ ವರ್ಷ ನಮ್ಮ ಮಾವನವರು ಕಲಿಸಿದ್ದು. ನಿಮ್ಮಂಥವರ ಫೈಲು ಮೇಜಿನ ಮೇಲೆ ಇರ್ತಿದ್ದರಿಂದ ಒಂದು ಕಣ್ಣಿಗೆ ಬಿತ್ತು. ಹೊಣೆಯ ಮಾತು ಈ ಪುಸ್ತಕದಲ್ಲಿ ಆರು ಕಡೆ ಬರ್ತದೆ: 6, 11, 17, 20, 22, 27ನೇ ಅಧ್ಯಾಯ. ಅಂದರೆ ತಾರೀಖು ಹಿಡಿದು ಓದೋನಿಗೆ ತಿಂಗಳಿಗೆ ಆರು ಸಲ ಯಾರೋ ಹೆಗಲು ಮುಟ್ಟಿ "ಸಹಿ ಹಾಕಬೇಡೋ" ಅಂದಂಗೆ. ಆರನೇ ತಾರೀಖಿನದು ಕಟು: ಮಾತು ಕೊಟ್ಟು ಸಿಕ್ಕಿಬಿದ್ದಿದ್ದರೆ ಕಣ್ಣಿಗೆ ನಿದ್ದೆ ಕೊಡಬೇಡ, ಹೋಗಿ ಕಾಡಿ ಬೇಡಿ ಬಿಡಿಸಿಕೋ, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಂಡಂಗೆ.

ಆದರೆ ಮೂರನೇ ತಾರೀಖಿಗೇ ಇನ್ನೊಂದು ಬಂದಿರ್ತದೆ. 3:27, 28. ಉಪಕಾರ ಮಾಡೋದು ನಿನ್ನ ಕೈಲಿರುವಾಗ ತಪ್ಪಿಸಬೇಡ. ಈಗಲೇ ನಿನ್ನಲ್ಲಿ ಇರುವಾಗ ನೆರೆಯವನಿಗೆ ಹೋಗಿ ಬಾ, ನಾಳೆ ಕೊಡ್ತೀನಿ ಅನ್ನಬೇಡ. 19ನೇ ತಾರೀಖಿಗೆ 19:17, ಬಡವನಿಗೆ ದಯೆ ತೋರಿಸೋನು ಯೆಹೋವನಿಗೇ ಸಾಲ ಕೊಟ್ಟಂಗೆ. ಈ ಎರಡು ಸಾಲು ಇಲ್ಲದಿದ್ದರೆ ಉಳಿದ ಆರನ್ನು ಹಿಡಿದುಕೊಂಡು ನಾನು ಜಿಪುಣನಾಗಿ ಸಾಯ್ತಿದ್ದೆ. ಬರೀ ಈ ಎರಡನ್ನೇ ಹಿಡಿದಿದ್ದರೆ ನನ್ನ ಸಂಬಳಕ್ಕೂ ನೋಟಿಸು ಬರ್ತಿತ್ತು. ತಿಂಗಳು ಪೂರ್ತಿ ಓದಿದವನಿಗೆ ಮಾತ್ರ ಎರಡೂ ಕಿವಿಗೆ ಬೀಳ್ತವೆ. ನೀವು ಕೇಳಿದ ತಕ್ಕಡಿ ನನ್ನ ಮಟ್ಟಿಗೆ ಇಷ್ಟೇ, ಕ್ಯಾಲೆಂಡರು.

ಇನ್ನೊಂದು. ಮತ್ತಾಯ 5:42 "ಕೊಡು" ಅನ್ನೋದು ನಿಮ್ಮ ಕೈಲಿರೋದನ್ನು. ಜಾಮೀನಿನಲ್ಲಿ ನೀವು ಕೈಲಿರೋದನ್ನು ಕೊಡ್ತಿಲ್ಲ, ಮುಂದಿನ 60 ತಿಂಗಳು ಬರಬೇಕಾದ್ದನ್ನು ಬರೆದುಕೊಡ್ತೀರಿ. ಬೇಕಾದರೆ ಗಾಡಿಯ ಮುಂಗಡಕ್ಕೆ ನಿಮ್ಮಿಂದಾದಷ್ಟು ಕೊಡ್ರಿ. ಅಷ್ಟು ಸಾಲ ಕಮ್ಮಿ ಆಗ್ತದೆ.

ಹಾಕೋದೇ ಆದರೂ ಖಾಲಿ ಚೆಕ್ಕಿಗೆ ಸಹಿ ಮಾಡಬ್ಯಾಡ್ರಿ. ಕೇಳ್ತಾರೆ. ಮಾಡಬ್ಯಾಡ್ರಿ.

ಕುಲಶೇಖರದವಳು

ಟೀಚರ್, ನಾನು ಕಥೋಲಿಕಳು, ಮಂಗಳೂರು. ನಮ್ಮ ಬೈಬಲಿನಲ್ಲಿ ನಿಮ್ಮದಕ್ಕಿಂತ ಏಳು ಪುಸ್ತಕ ಜಾಸ್ತಿ ಉಂಟಲ್ಲ, 73. ಅದರಲ್ಲಿ ಸಿರಾಖನ ಪುಸ್ತಕ ಒಂದು. ನೀವು ಅದನ್ನು ದೇವರ ವಾಕ್ಯ ಅಂತ ತೆಗೆದುಕೊಳ್ಳುವುದಿಲ್ಲ ಗೊತ್ತು, ಒಬ್ಬ ಅನುಭವಸ್ಥ ಅಜ್ಜನ ಮಾತು ಅಂತಾದರೂ ಓದಿ. 29ನೇ ಅಧ್ಯಾಯ ಪೂರ್ತಿ ನಿಮ್ಮ ಮನೆಯ ಪಂಚಾಯಿತಿಯೇ.

ಒಳ್ಳೆಯವನು ನೆರೆಯವನಿಗೆ ಹೊಣೆ ನಿಲ್ಲುತ್ತಾನೆ ಅಂತ ಶುರು ಮಾಡುತ್ತಾನೆ ಆ ಅಜ್ಜ. ನಿನಗೆ ಹೊಣೆ ನಿಂತವನ ಉಪಕಾರ ಮರೆಯಬೇಡ, ಅವನು ತನ್ನ ಜೀವವನ್ನೇ ನಿನಗಾಗಿ ಇಟ್ಟಿದ್ದಾನೆ ಅನ್ನುತ್ತಾನೆ. (ಇದನ್ನು ನಿಮ್ಮ ಮೈದುನನಿಗೆ ಓದಿಸಿ!) ಅದೇ ಉಸಿರಿನಲ್ಲಿ, ಹೊಣೆ ನಿಂತು ಎಷ್ಟೋ ಸ್ಥಿತಿವಂತರು ಹಾಳಾದರು, ಸಮುದ್ರದ ಅಲೆಯ ಹಾಗೆ ಎತ್ತಿ ಹಾಕಿತು ಅನ್ನುತ್ತಾನೆ. ಕಡೆಗೆ 20ನೇ ವಚನದಲ್ಲಿ: ನಿನ್ನ ಶಕ್ತಿ ಇದ್ದಷ್ಟು ನೆರೆಯವನಿಗೆ ನೆರವಾಗು, ಆದರೆ ನೀನೇ ಬೀಳದ ಹಾಗೆ ನೋಡಿಕೋ. ನನ್ನ ಗಂಡ ಕುವೈತಿನಲ್ಲಿ ರೂಮ್‌ಮೇಟಿನ ಸಾಲಕ್ಕೆ ನಿಲ್ಲಬೇಕು ಅಂತ ಹೊರಟಾಗ ಇದೇ ವಚನ ವಾಯ್ಸ್ ಮೆಸೇಜಿನಲ್ಲಿ ಓದಿ ಕಳಿಸಿದ್ದೆ. ಎರಡು ದಿನ ಮಾತು ಬಿಟ್ಟರು. ಸಹಿ ಹಾಕಲಿಲ್ಲ.

ಇನ್ನು ಅತ್ತೆಯವರ ಬೆರಳು. ನಗಬೇಡಿ ಮಾರಾಯ್ರೆ, ದೊಡ್ಡ ದೊಡ್ಡವರು ಮಾಡಿದ್ದಾರೆ. ಸಂತ ಆಗಸ್ಟೀನರು 386ರಲ್ಲಿ ಮಿಲಾನಿನ ತೋಟದಲ್ಲಿ ಅಳುತ್ತಿದ್ದಾಗ, ತೆಗೆದು ಓದು ಅಂತ ಮಗುವಿನ ದನಿ ಕೇಳಿ ಪುಸ್ತಕ ತೆರೆದರು, ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ಸಿಕ್ಕಿತು, ಬದುಕೇ ತಿರುಗಿತು. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಅದೇ ಆಗಸ್ಟೀನರು ಮುಂದೆ ಒಂದು ಪತ್ರದಲ್ಲಿ, ಸುವಾರ್ತೆಯ ಪುಟ ತೆರೆದು ಶಕುನ ನೋಡುವವರ ಬಗ್ಗೆ ಬರೆದಿದ್ದಾರೆ. ದೆವ್ವಗಳ ಹತ್ತಿರ ಕೇಳಲು ಓಡುವುದಕ್ಕಿಂತ ಇದು ವಾಸಿ, ಆದರೂ ಲೋಕವ್ಯವಹಾರಕ್ಕೆ ದೇವರ ಮಾತನ್ನು ಹೀಗೆ ಬಳಸುವುದು ತನಗೆ ಹಿಡಿಸುವುದಿಲ್ಲ ಅಂತ. ತೋಟದಲ್ಲಿ ಅವರಿಗೆ ಸಿಕ್ಕಿದ ವಚನ ಕುಡಿತ, ಕಾಮ ಬಿಡು ಅಂತ ಅವರನ್ನೇ ಗದರಿತು. ಅತ್ತೆಯವರ ಬೆರಳು ಅತ್ತೆಯವರನ್ನು ಯಾವತ್ತಾದರೂ ಗದರಿದ್ದು ಉಂಟಾ? ಕೇಳಿ ನೋಡಿ. ಬೇಡ, ಕೇಳಬೇಡಿ.

ಮೈಸೂರಿನ ಅಣ್ಣ

ಎಲ್ಲರೂ ಒಂದೇ ಕಡೆಗೆ ವಾಲ್ತಿದ್ದೀರಲ್ಲ ಅಂತ ಬರೀತಿದ್ದೀನಿ. ನಾನು ಜಾಮೀನು ಹಾಕಿದವನು. ಕೈ ಸುಟ್ಕೊಂಡವನು. ಆದ್ರೂ ಬೇಜಾರಿಲ್ಲ.

ತಂಗಿ ನರ್ಸಿಂಗ್ ಓದೋಕೆ ಸಾಲ. ಅಪ್ಪ ಇರ್ಲಿಲ್ಲ. ನಾನಿದ್ದದ್ದು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಅವಳು ಕೋರ್ಸ್ ಮುಗಿಸಿ ಕೆಲಸ ಸಿಗೋವರೆಗೆ 14 ಕಂತು ನಾನೇ ಕಟ್ದೆ. ಆ ವರ್ಷ ನಮ್ಮನೇಲಿ ಕ್ರಿಸ್‌ಮಸ್ಸಿಗೆ ಕಲ್ಕಲ್ ಮಾಡಲಿಲ್ಲ, ಎಣ್ಣೆ ರೇಟು ಅಂತ ಸುಳ್ಳು ಹೇಳಿದ್ವಿ.

ಹೊಣೆ ಅಂದ್ರೆ ಬೈಬಲ್ಲಲ್ಲಿ ಬರೀ ಎಚ್ಚರಿಕೆ ಅಷ್ಟೇ ಅಲ್ಲ ಕಣ್ರೀ. ಆದಿಕಾಂಡ 43:9 ನೋಡಿ. ಬೆನ್ಯಾಮೀನನಿಗೆ ನಾನು ಹೊಣೆ, ನನ್ನ ಕೈಯಿಂದಲೇ ಕೇಳು ಅಂತ ಯೆಹೂದ ಅಪ್ಪನಿಗೆ ಮಾತು ಕೊಡ್ತಾನೆ. ಬರೀ ಮಾತಲ್ಲ, 44ರಲ್ಲಿ ತಮ್ಮನ ಬದಲು ನನ್ನನ್ನ ಗುಲಾಮನಾಗಿ ಇಟ್ಕೊಳ್ಳಿ ಅಂತ ನಿಂತೇ ಬಿಡ್ತಾನೆ. ಎದುರಿಗೆ ಅಧಿಕಾರಿಯಾಗಿ ಕೂತಿದ್ದ, ಅಣ್ಣಂದಿರೇ ಹಿಂದೆ ಮಾರಿಬಿಟ್ಟಿದ್ದ ಯೋಸೇಫ ಅತ್ತಿದ್ದು ಅದಕ್ಕೇ. ಫಿಲೆಮೋನನಿಗೆ ಬರೆದ ಪತ್ರದಲ್ಲಿ ಪೌಲ, ಓಡಿಹೋಗಿದ್ದ ಫಿಲೆಮೋನನ ದಾಸ ಒನೇಸಿಮನ ಬಗ್ಗೆ, ಅವನು ಸಾಲ ಏನಾದ್ರೂ ತೀರಿಸಬೇಕಿದ್ರೆ ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸ್ತೀನಿ, ಸ್ವಂತ ಕೈಯಿಂದ ಬರೆದಿದ್ದೀನಿ ಅಂತಾನೆ. ಬರಹದಲ್ಲೇ ಕೊಟ್ಟ ಜಾಮೀನು! ಇಬ್ರಿಯರಿಗೆ 7:22ರಲ್ಲಿ ಯೇಸುವನ್ನೇ ಹೊಣೆಗಾರ ಅಂದಿದೆ. ಜ್ಞಾನೋಕ್ತಿ ಮಾತ್ರ ಓದಿದ್ರೆ ಕರ್ತನೂ ತಪ್ಪು ಮಾಡಿದ ಅನ್ನಬೇಕಾಗುತ್ತೆ.

ಆದ್ರೆ ಒಂದು. ಯೆಹೂದನಿಗೂ ಪೌಲನಿಗೂ ಕಟ್ಟೋದು ತಾವೇ ಅಂತ ಗೊತ್ತಿತ್ತು. ನಾನೂ ಸಹಿ ಹಾಕುವಾಗ್ಲೇ ಹೆಂಡತಿ ಹತ್ರ ಹೇಳಿದ್ದೆ, ಇದು ನಮ್ಮದೇ ಸಾಲ ಅಂದ್ಕೋ ಅಂತ. ಅವಳು ಹೂಂ ಅಂದ ಮೇಲೆ ಹಾಕ್ದೆ. ನಿಮ್ಮ ಮೈದುನನ 5 ಲಕ್ಷ ನಿಮ್ಮದೇ ಅಂದ್ಕೊಳ್ಳೋಕೆ ಆಗುತ್ತಾ? ಆದ್ರೆ ಹಾಕಿ. ಇಲ್ಲ ಅವನು ಕಟ್ತಾನೆ ಬಿಡಿ ಅನ್ನೋ ಧೈರ್ಯದ ಮೇಲೆ ಮಾತ್ರ ಬೇಡ.

ವಿಶ್ವಾಸಿ ಬ್ರದರ್

ಇಷ್ಟೊಂದು ಲೆಕ್ಕ ಹಾಕಿದರೆ ನಂಬಿಕೆಗೆ ಜಾಗ ಎಲ್ಲಿ? ಪೇತ್ರನು ಲೆಕ್ಕ ಹಾಕಿ ನೀರಿನ ಮೇಲೆ ನಡೆದನೇ?

ನಿವೃತ್ತ ಗುಮಾಸ್ತ, ಬೀದರ್

ಬ್ರದರ್, ಪೇತ್ರನು ತಾನೇ ಇಳಿದ. ಅತ್ತಿಗೆಯನ್ನು ಇಳಿಸಲಿಲ್ಲ.

ಹಳ್ಳಿ ಸಭಾಪಾಲಕ

ಟೀಚರ್, ನಿಮ್ಮ ಕಾರ್ಡಿನ ಬಗ್ಗೆ ನಾನು ಮಾತಾಡಲೇಬೇಕು, ಯಾಕೆಂದರೆ ಆ ಕಾರ್ಡು ಮಾಡೋನು ನಾನೇ. ನಿಮ್ಮ ಸಭೆಯದ್ದಲ್ಲ, ನಮ್ಮ ಸಭೆಯದ್ದು. ಪ್ರತಿ ಡಿಸೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ಪ್ರಿಂಟು ಹಾಕಿಸಿ, ನಾನೂ ನಮ್ಮ ಮನೆಯವರೂ ಕತ್ತರಿ ಹಿಡಿದು 250 ಕಾರ್ಡು ಕತ್ತರಿಸ್ತೀವಿ. ವಚನ ಆರಿಸೋನು ನಾನು. ತಪ್ಪೊಪ್ಪಿಗೆ ಅಂತಲೇ ಓದಿರಿ: ಇಷ್ಟು ವರ್ಷದಲ್ಲಿ ಒಂದು ಸಲವೂ ಜ್ಞಾನೋಕ್ತಿ 22:26 ಹಾಕಿಲ್ಲ. "ನಿಮ್ಮ ಶತ್ರುಗಳನ್ನು ಪ್ರೀತಿಸಿರಿ" ಹಾಕಿಲ್ಲ. ಹೊಸ ವರ್ಷದ ರಾತ್ರಿ ಹನ್ನೆರಡಕ್ಕೆ ಯಾವ ಅಜ್ಜಿಯ ಕೈಗೆ ಅದು ಸಿಕ್ಕರೂ ಬೇಜಾರಾಗ್ತದೆ ಅಂತ. ತಾಟಿನಲ್ಲಿರೋದು ಪೂರ್ತಿ ಬೈಬಲ್ ಅಲ್ಲ, ಅದರ ಸಿಹಿ ಅಡುಗೆ ಮಾತ್ರ. ಅದನ್ನೇ ವರ್ಷಪೂರ್ತಿ ತಿಂದರೆ ಏನಾಗ್ತದೆ ಅಂತ ಡಾಕ್ಟರು ಹೇಳಬೇಕಿಲ್ಲ.

28:12 ಅಂತೂ ನಮ್ಮಲ್ಲಿ ಬಲು ಬೇಡಿಕೆಯ ವಚನ. ಈಗ ಆ ಅಧ್ಯಾಯ ಪೂರ್ತಿ ತೆರೆಯಿರಿ. ಒಟ್ಟು 68 ವಚನ. ಆಶೀರ್ವಾದ 14ಕ್ಕೆ ಮುಗೀತದೆ, ಶಾಪ 15ರಿಂದ 68ರವರೆಗೆ. 44ನೇ ವಚನ ನಿಮ್ಮ ಕಾರ್ಡನ್ನೇ ತಿರುಗಿಸಿ ಹಾಕ್ತದೆ: ಪರದೇಶದವನು ನಿನಗೆ ಸಾಲ ಕೊಟ್ಟಾನು, ನೀನು ಕೊಡಲಾರಿ. ಮಾತು ಆಡಿದ್ದು ಒಂದು ಇಡೀ ಜನಾಂಗಕ್ಕೆ, ಒಡಂಬಡಿಕೆಯ ಷರತ್ತಿನ ಮೇಲೆ, ಯೊರ್ದನಿನ ಆಚೆ ದಡದಲ್ಲಿ ನಿಂತಾಗ. ಬೆಟಗೇರಿಯ ಒಬ್ಬ ಟೀಚರಿಗೆ ಇದರಲ್ಲಿ ಏನೂ ಇಲ್ಲ ಅಂತಲ್ಲ. ಆದರೆ ಸೊಸೈಟಿಯ ಅರ್ಜಿ ಫಾರಂ ಅಂತೂ ಇಲ್ಲ.

ಕಾರ್ಡನ್ನೇ ಬಯ್ಯೋಕೂ ಮನಸ್ಸಿಲ್ಲ. ಇದಕ್ಕೆ ಹೋಲೋ ಪದ್ಧತಿ ಜರ್ಮನಿಯಲ್ಲಿ ಹಳೆಯದು. ಹೆರ್ನ್‌ಹುಟ್ ಅನ್ನೋ ಊರಿನ ಮೊರೇವಿಯನ್ ಸಭೆಯವರು 1728ರಲ್ಲಿ ದಿನಕ್ಕೊಂದು ವಚನ ಮನೆಮನೆಗೆ ಹೇಳಿ ಕಳಿಸೋಕೆ ಶುರುಮಾಡಿದರು, 1731ರಿಂದ ಅದು ವರ್ಷಕ್ಕೊಂದು ಪುಸ್ತಕವಾಗಿ ಬರ್ತದೆ, ಇವತ್ತಿಗೂ. ಅದರಲ್ಲಿ ನನಗೆ ಹಿಡಿಸಿದ್ದು ಒಂದು: ಹಳೇ ಒಡಂಬಡಿಕೆಯ ವಚನವನ್ನು ಚೀಟಿ ಎತ್ತಿ ಆರಿಸ್ತಾರೆ. ಆದರೆ ಅದರ ಜೊತೆಗೆ ಹೊಸ ಒಡಂಬಡಿಕೆಯಿಂದ ಒಂದು ವಚನವನ್ನು ಮನುಷ್ಯರೇ ಕೂತು, ಓದಿ, ಹುಡುಕಿ ಇಡ್ತಾರೆ. ಚೀಟಿಯ ವಚನವನ್ನು ಒಂಟಿಯಾಗಿ ಬಿಡೋದಿಲ್ಲ.

ಮತ್ತಾಯ 4 ನೆನಪು ಮಾಡಿಕೊಳ್ಳಿರಿ. ದೇವಾಲಯದ ತುದಿಯಲ್ಲಿ ಸೈತಾನ ಹೇಳಿದ್ದೂ ವಚನವೇ, ಕೀರ್ತನೆ 91. ಅಕ್ಷರ ತಪ್ಪಿಲ್ಲ ಅನ್ನಬಹುದು. ಕರ್ತನು ಆ ಕೀರ್ತನೆ ಸುಳ್ಳು ಅನ್ನಲಿಲ್ಲ, ಹೀಗೂ ಬರೆದಿದೆ ಅಂದ, ಧರ್ಮೋಪದೇಶಕಾಂಡ 6ನ್ನು ಪಕ್ಕಕ್ಕೆ ಇಟ್ಟ. ಆ "ಹೀಗೂ" ಅನ್ನೋದು ನಾನು ಕತ್ತರಿಸೋ ಕಾರ್ಡಿನಲ್ಲಿ ಹಿಡಿಸೋದಿಲ್ಲ, ಜಾಗ ಇಲ್ಲ.

ಒಂದು ಕೆಲಸ ಮಾಡಿರಿ. ನೀವೊಬ್ಬರೇ ರಾತ್ರಿ ಕೂತು ಓದಬೇಡಿರಿ. ಯಜಮಾನರು, ಅತ್ತೆಯವರು, ಸಾಧ್ಯವಾದರೆ ಮೈದುನ, ಎಲ್ಲರೂ ಇರೋವಾಗ ಜ್ಞಾನೋಕ್ತಿ 3, 6 ಎರಡನ್ನೂ ಪೂರ್ತಿ ಗಟ್ಟಿಯಾಗಿ ಓದಿರಿ. ವ್ಯಾಖ್ಯಾನ ಮಾಡಬೇಡಿರಿ. ಟೀಚರಿಗೆ ಕಷ್ಟ, ಗೊತ್ತು.

ಬೆಟಗೇರಿ ಟೀಚರ್

ಎರಡು ವಾರದ ಮೇಲೆ ಬರೀತಿದ್ದೀನಿ. ಎಲ್ಲರಿಗೂ ವಂದನೆ, ಬ್ರದರ್‌ಗೂ.

ಮೈಸೂರಿನ ಅಣ್ಣನ ಉತ್ತರ ಓದಿ ಅಪ್ಪನ ಬೈಬಲ್ಲಿನಲ್ಲಿ ಫಿಲೆಮೋನನ ಪತ್ರ ತೆಗೆದೆ. ಒಂದೇ ಅಧ್ಯಾಯ, ಪುಟ ಬೇಗ ಸಿಗೋದಿಲ್ಲ, ತೀತನಿಗೆ ಅಂಟಿಕೊಂಡಿತ್ತು. 18ನೇ ವಚನದ ಪಕ್ಕ ಅದೇ ಪೆನ್ಸಿಲು: "ತೀರಿತು. ಮೇ 1999." ಇಷ್ಟು ವರ್ಷ ಆ ಪುಸ್ತಕ ನನ್ನ ಹತ್ರ ಇದ್ದರೂ ನೋಡಿರಲಿಲ್ಲ. ಸಾಲ ತೀರಿತು ಅಂತ ಬರೆದರೋ, ಗೆಳೆಯರ ಮೇಲಿನ ಸಿಟ್ಟು ತೀರಿತು ಅಂತಲೋ, ತಿಳೀಲಿಲ್ಲ. ಅವ್ವನಿಗೆ ಫೋನ್ ಮಾಡಿ ಕೇಳಿದೆ. "ನನಗ ತೀರಿಲ್ಲ ಬಿಡು" ಅಂದಳು.

ಪಾಸ್ಟರ್ ಅಯ್ಯನವರು ಹೇಳಿದಂಗೆ ರವಿವಾರ ಊಟ ಆದ ಮೇಲೆ ಎಲ್ಲರೂ ಕೂತ್ವಿ. ನಮ್ಮ ಮನೆಯವರು ಮೂರನೇ ಅಧ್ಯಾಯ ಓದಿದರು, ಮೈದುನನಿಗೇ ಆರನೆಯದು ಕೊಟ್ಟೆ. ಓದ್ತಾ ಓದ್ತಾ ಐದನೇ ವಚನಕ್ಕೆ, ಜಿಂಕೆ ಬಂದ ಕಡೆ, ಅವನ ದನಿ ಸಣ್ಣದಾಯ್ತು. ನಾನು ವ್ಯಾಖ್ಯಾನ ಮಾಡಲಿಲ್ಲ. ನಾಲಿಗೆ ಕಚ್ಚಿಕೊಂಡಿದ್ದೆ ಅಂದರೂ ಸರಿ. ಆಮೇಲೆ ನಮ್ಮ ಮನೆಯವರು ಹೇಳಿದರು: ಜಾಮೀನು ಇಲ್ಲ. ನಮ್ಮ ಆರ್‌ಡಿ ಮುಗಿದದ್ದು 60,000 ಇದೆ, ಮುಂಗಡಕ್ಕೆ ತಗೋ, ವಾಪಸ್ ಬೇಡ. ಸಾಲ ಅಷ್ಟು ಕಮ್ಮಿ ಎತ್ತು, ಇಲ್ಲ ಸಣ್ಣ ಗಾಡಿ ನೋಡು.

ಮೈದುನ ಏನೂ ಅನ್ನಲಿಲ್ಲ. ಚಪ್ಪಲಿ ಹಾಕಿಕೊಂಡು ಹೋದ. ಬೈಕು ಎರಡು ಸಲ ಕಿಕ್ ಹೊಡೆದರೂ ಶುರುವಾಗಲಿಲ್ಲ, ಆಗ ಎದ್ದು ಹೋಗಬೇಕು ಅನ್ನಿಸಿತು, ಮೂರನೇ ಸಲಕ್ಕೆ ಆಯ್ತು.

ಅತ್ತಿ ಮಾತ್ರ ಖುಷಿಯಲ್ಲಿದ್ದರು. ಯಾಕಂತ ಕೇಳಿದೆ. "ನನ್ನ ಬೆರಳು ಸುಳ್ಳು ಹೇಳಿತ್ತೇನು? ಅರಣ್ಯಕಾಂಡದಾಗ ಅವ್ರು ಯಾರರೆ ಜಾಮೀನು ಬರದ್ರೇನು? ಬೆಳ್ಳಿ ತಟ್ಟಿನ ತಂದು ಇಟ್ರು. ನೀವೂ ರೊಕ್ಕನ ಇಟ್ರಿ" ಅಂದರು.

ರೊಕ್ಕ ಅವನಿನ್ನೂ ಒಯ್ದಿಲ್ಲ. ಕವರು ಅಪ್ಪನ ಬೈಬಲ್ಲಿನ ಹಿಂದೆ ಇಟ್ಟಿದ್ದೀನಿ, ಕಪಾಟಿನ ಕೀಲಿ ಅತ್ತಿಯ ಹತ್ರ.